ಮೂಸಿ ನೋಡುವ ಕೆಲಸ

ಮೊದಲೇ ಹೇಳಿಬಿಡುತ್ತೇನೆ, ನಾನು ಸುಲಭಕ್ಕೆ ಅಸಹ್ಯಪಡುವ ಹೆಂಗಸಲ್ಲ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳು. ರಕ್ತ, ಕೀವು, ವಾಂತಿ, ಹಸುಗೂಸುಗಳ ಕಪ್ಪು ಮಲ, ಎಲ್ಲವೂ ಈ ಕೈಗಳ ಮೇಲೆ ಹಾದುಹೋಗಿವೆ. ಆಪರೇಷನ್ ಥಿಯೇಟರಿನ ಬಟ್ಟೆಗಳನ್ನು ಮೆಷಿನ್ನಿಗೆ ತುಂಬಿ, ಕೈ ತೊಳೆದು, ಅಲ್ಲೇ ಸ್ಟೂಲಿನ ಮೇಲೆ ಕೂತು ಡಬ್ಬಿ ಬಿಚ್ಚಿ ಊಟ ಮಾಡಿದ್ದೇನೆ. ಒಂದು ದಿನವೂ ಡಬ್ಬಿಯಲ್ಲಿ ಅಗುಳು ಉಳಿಸಿದವಳಲ್ಲ. ಅಂಥ ನನಗೆ ನನ್ನ ಸೊಸೆಯ ಭಾನುವಾರದ ಅಡುಗೆ ಕಂಡರೆ ಹೊಟ್ಟೆ ತೊಳಸುತ್ತದೆ.

ಅಡುಗೆ ಮನುಷ್ಯರಿಗಲ್ಲ, ಮೀನುಗಳಿಗೆ. ನಮ್ಮ ಬೀದಿಯ ತಿರುವಿನಲ್ಲಿ ಮಕ್ಕಳ ಹಲ್ಲಿನ ಕ್ಲಿನಿಕ್ ಇದೆ. ಅದರ ಹೊರಕೋಣೆಯಲ್ಲಿ ಗೋಡೆಯುದ್ದಕ್ಕೂ ಒಂದು ಗಾಜಿನ ಟ್ಯಾಂಕ್. ಒಳಗೆ ಉಪ್ಪುನೀರು, ಬಣ್ಣಬಣ್ಣದ ಮೀನು, ಹವಳ. ಹವಳ ಎಂದರೆ ಉಂಗುರಕ್ಕೆ ಕೂರಿಸುವ ಕೆಂಪು ಕಲ್ಲು ಎಂದು ನಾನು ತಿಳಿದಿದ್ದೆ. ಅಲ್ಲವಂತೆ. ಅದಕ್ಕೆ ಜೀವ ಇದೆಯಂತೆ, ಬಾಯಿ ಇದೆಯಂತೆ, ಹಸಿವೂ ಆಗುತ್ತದಂತೆ. ಹಲ್ಲು ಕೀಳಿಸಿಕೊಳ್ಳಲು ಬಂದ ಮಕ್ಕಳು ಅಳು ಮರೆತು ಕೂರಲಿ ಎಂದು ಡಾಕ್ಟರಮ್ಮ ಅದನ್ನು ಇಡಿಸಿದ್ದಾರೆ. ಅದರ ಪೂರ್ತಿ ಉಸ್ತುವಾರಿ ನನ್ನ ಸೊಸೆಯದು.

ಅವಳು ಮೊದಲು ಬಸ್ ಡಿಪೋದ ಕ್ಯಾಂಟೀನಿನಲ್ಲಿ ಅಡುಗೆಯವಳಾಗಿದ್ದಳು. ನಾನಾಗಿ ಯಾರನ್ನೂ ಹೊಗಳುವವಳಲ್ಲ, ಆದರೆ ಅವಳದು ಒಳ್ಳೆಯ ಕೈ. ಬಾಣಲೆಯಲ್ಲಿ ಈರುಳ್ಳಿ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಪಕ್ಕದ ಕೋಣೆಯಿಂದಲೇ ಹೇಳುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ಜ್ವರ ಬಂತು. ಒಂಬತ್ತು ದಿನಕ್ಕೆ ಜ್ವರ ಬಿಟ್ಟಿತು, ಹೋಗುವಾಗ ವಾಸನೆ ಹಿಡಿಯುವ ಅವಳ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ಮೂಗಿಗೆ ಸೀಮೆಎಣ್ಣೆ ಹಿಡಿದರೂ ಅಷ್ಟೆ, ಸೋಪು ಹಿಡಿದರೂ ಅಷ್ಟೆ. ತಾನಾಗಿ ವಾಪಸು ಬರುತ್ತದೆ ಎಂದರು ಡಾಕ್ಟರು. ಬರಲಿಲ್ಲ. ಒಂದು ಬೆಳಿಗ್ಗೆ ಕೆಟ್ಟುಹೋದ ಹಾಲನ್ನು ಗೊತ್ತಾಗದೆ ಮೊದಲ ಪಾಳಿಯ ಡ್ರೈವರುಗಳಿಗೆಲ್ಲ ಹಂಚಿಬಿಟ್ಟಳು. ಕ್ಯಾಂಟೀನಿನ ಮ್ಯಾನೇಜರ್ ಎಲ್ಲರ ಎದುರೇ, "ಮೂಗಿಲ್ಲದ ಅಡುಗೆಯವಳನ್ನ ಇಟ್ಕೊಂಡು ನಾನೇನು ಪೂಜೆ ಮಾಡ್ಲಾ?" ಎಂದನಂತೆ. ಮನೆಗೆ ಬಂದವಳು ಏಪ್ರನ್ ಬಿಚ್ಚಿ ಒಗೆಯಲು ಹಾಕಿದಳು. ಎಂಟು ತಿಂಗಳು ಗೋಡೆ ನೋಡುತ್ತ ಕೂತಳು.

ಆಮೇಲೆ ಆ ಕ್ಲಿನಿಕ್ಕಿನಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು. ನೆಲ ಒರೆಸುತ್ತ ಒರೆಸುತ್ತ ಟ್ಯಾಂಕಿನ ಮುಂದೆ ನಿಂತುಬಿಡುತ್ತಿದ್ದಳಂತೆ. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕ ಇವಳ ಆಸಕ್ತಿ ಕಂಡು ಒಂದೊಂದಾಗಿ ಹೇಳಿಕೊಟ್ಟ. ನೀರಿನಲ್ಲಿ ಉಪ್ಪು ಅಳೆಯುವುದು, ಗಾಜಿನ ಪಾಚಿ ಕೆರೆಯುವುದು, ಊಟ ತಯಾರಿಸುವುದು. ಅವನು ಮಂಡಿನೋವೆಂದು ಕೆಲಸ ಬಿಟ್ಟಾಗ ಡಾಕ್ಟರಮ್ಮ ಇವಳನ್ನು ಕರೆದು, "ಮೂರು ತಿಂಗಳು ನೋಡ್ಕೋ. ಟ್ಯಾಂಕ್ ಚೆನ್ನಾಗಿದ್ರೆ ಕೆಲಸ ನಿಂದೇ. ಕೆಟ್ರೆ ಬೇರೆ ಯಾರನ್ನಾದ್ರೂ ಕರೆಸ್ತೀನಿ" ಎಂದರು. ಅವತ್ತು ಅವಳು ಮನೆಗೆ ಓಡಿಕೊಂಡೇ ಬಂದಳು. ತನಗೆ ವಾಸನೆ ಗೊತ್ತಾಗುವುದಿಲ್ಲ ಎಂಬುದನ್ನು ಮಾತ್ರ ಡಾಕ್ಟರಮ್ಮನಿಗೆ ಹೇಳಿರಲಿಲ್ಲ. ಕ್ಯಾಂಟೀನಿನಲ್ಲಿ ಕೇಳಿದ ಮಾತನ್ನು ಇನ್ನೊಂದು ಬಾಯಿಂದ ಕೇಳಲು ಅವಳಿಗೆ ಇಷ್ಟವಿರಲಿಲ್ಲ.

ಅವಳಿಗೆ ಖುಷಿ, ನನಗೆ ಗ್ರಹಚಾರ. ಎರಡು ವಾರಕ್ಕೊಂದು ಭಾನುವಾರ ನಮ್ಮ ಅಡುಗೆಮನೆ ಮೀನುಮಾರ್ಕೆಟ್ಟಿನ ಮೋರಿಯಾಗುತ್ತದೆ. ಏನೇನು ತರುತ್ತಾಳೆ ಕೇಳಿ. ಹೆಪ್ಪುಗಟ್ಟಿಸಿದ ಸಿಗಡಿ, ಹತ್ತು ಕಾಲಿನ ಸ್ಕ್ವಿಡ್ಡು, ಕಪ್ಪೆಚಿಪ್ಪಿನೊಳಗಿನ ಮಾಂಸ, ಬಿಳಿ ಮೀನಿನ ತುಂಡು, ಮೀನಿನ ಮೊಟ್ಟೆ, ಕಾಗದದ ಹಾಗೆ ಒಣಗಿಸಿದ ಕಡಲ ಪಾಚಿ. ಸಿಗಡಿಯ ತಲೆ ಮುರಿದು, ಬೆನ್ನಿನ ಕಪ್ಪು ನರ ಎಳೆದು ತೆಗೆಯುತ್ತಾಳೆ. ಆ ನರ ನರವಲ್ಲ, ಕರುಳು. ಸ್ಕ್ವಿಡ್ಡಿನ ಮೈಯಿಂದ ನೇರಳೆ ಸಿಪ್ಪೆ ಸುಲಿಯುವಾಗ ಬರುವ ಪಿಚಪಿಚ ಸದ್ದು ಕೇಳಿದರೆ ನನಗೆ ಹಲ್ಲು ಜುಮ್ಮೆನ್ನುತ್ತದೆ. ಪೂರ್ತಿ ಕರಗುವ ಮೊದಲೇ, ಇನ್ನೂ ಮಂಜು ಕಚ್ಚಿಕೊಂಡಿರುವಾಗಲೇ ಹೆಚ್ಚಬೇಕಂತೆ. ಇಲ್ಲದಿದ್ದರೆ ಲೋಳೆಯಾಗುತ್ತದಂತೆ. ಈಗೇನು ಲೋಳೆ ಅಲ್ಲವೋ, ಥೂ.

ಹೆಚ್ಚಿದ್ದನ್ನು ಫಿಲ್ಟರ್ ನೀರಿನಲ್ಲಿ ಮೂರು ಸಲ ತೊಳೆದು, ಮಿಕ್ಸಿಗೆ ಹಾಕಿ, ಗುಂಡಿ ಒತ್ತಿ ಬಿಡುತ್ತಾಳೆ, ಒತ್ತಿ ಬಿಡುತ್ತಾಳೆ. ನುಣ್ಣಗಾಗಬಾರದು. ದೊಡ್ಡ ಮೀನಿಗೆ ದೊಡ್ಡ ತುಣುಕು, ಹವಳಕ್ಕೆ ಹುಡಿ. ಆಮೇಲೆ ಬೆಳ್ಳುಳ್ಳಿ ರಸ ಹಿಂಡುತ್ತಾಳೆ, ವಿಟಮಿನ್ನಿನ ಹನಿ ಹಾಕುತ್ತಾಳೆ. ಬೂದು ಮಿಶ್ರಿತ ಗುಲಾಬಿ ಬಣ್ಣದ ಒಂದು ರಾಡಿ ತಯಾರಾಗುತ್ತದೆ, ಮಧ್ಯೆ ಹಸಿರು ಚುಕ್ಕೆ. ನಾನು ಆಸ್ಪತ್ರೆಯಲ್ಲಿ ಅದಕ್ಕಿಂತ ಶುದ್ಧವಾದದ್ದನ್ನು ಬಕೆಟ್ಟುಗಟ್ಟಲೆ ಚರಂಡಿಗೆ ಸುರಿದಿದ್ದೇನೆ. ಅದನ್ನು ಜಿಪ್ ಕವರುಗಳಿಗೆ ತುಂಬಿ, ಗಾಳಿ ತೆಗೆದು, ತೆಳ್ಳಗೆ ತಟ್ಟಿ ಅದಕ್ಕೆಂದೇ ತಂದ ಪುಟ್ಟ ಫ್ರೀಜರಿನಲ್ಲಿ ಮಲಗಿಸುತ್ತಾಳೆ. ದಿನಾ ಬೆಳಿಗ್ಗೆ ಒಂದು ಚೂರು ಮುರಿದು, ಟ್ಯಾಂಕಿನಿಂದ ತಂದಿಟ್ಟ ನೀರು ಹಾಕಿದ ಕಪ್ಪಿನಲ್ಲಿ ಕರಗಿಸಿ, ಜಾಲರಿಯಲ್ಲಿ ಸೋಸಿ, ಆ ಹೊಲಸು ನೀರು ಚೆಲ್ಲಿ, ಉಳಿದದ್ದನ್ನು ಡಬ್ಬಿಯಲ್ಲಿ ಕ್ಲಿನಿಕ್ಕಿಗೆ ಒಯ್ಯುತ್ತಾಳೆ.

ಒಯ್ಯುವ ಮೊದಲು ಕಪ್ಪನ್ನು ನನ್ನ ಮೂಗಿನ ಕೆಳಗೆ ಹಿಡಿಯುತ್ತಿದ್ದಳು.

"ಅತ್ತೆ, ಒಂದ್ಸಲ ಮೂಸಿ ನೋಡಿ."

ಇದೇ ನನ್ನ ಪಾಲಿಗೆ ಬಂದ ಕೆಲಸ. ಇನ್ನೂ ಹಲ್ಲುಜ್ಜಿರುವುದಿಲ್ಲ, ಒಂದು ಲೋಟ ಕಾಫಿ ಹೊಟ್ಟೆಗೆ ಹೋಗಿರುವುದಿಲ್ಲ, ಕಣ್ಣು ಬಿಡುತ್ತಿದ್ದ ಹಾಗೆ ಸತ್ತ ಸಮುದ್ರವನ್ನೆಲ್ಲ ತಂದು ಮೂಗಿಗೆ ಹಿಡಿದರೆ ಹೇಗಾಗಬೇಡ. ಮುಖ ಸಿಂಡರಿಸಿ ಬೈದುಕೊಂಡು ಮೂಸುತ್ತಿದ್ದೆ. "ಸರಿ ಇದೆ, ತಗೊಂಡು ಹೋಗು, ನನ್ನ ಕಣ್ಣ ಮುಂದೆ ಇಡಬೇಡ," ಎನ್ನುತ್ತಿದ್ದೆ. ಎರಡು ಸಲ ಮಾತ್ರ, "ಬೇಡ, ಇದು ಚುಚ್ತಾ ಇದೆ," ಎಂದೆ. ಒಗೆಯದ ಉಚ್ಚೆಬಟ್ಟೆಯ ಘಾಟು ಲಾಂಡ್ರಿಯವರಿಗೆ ಬೇರೆ ಹೇಳಿಕೊಡಬೇಕಾಗಿಲ್ಲ. ಕೆಟ್ಟ ಸಿಗಡಿಯಲ್ಲೂ ಅದೇ ಘಾಟು ಇರುತ್ತದೆ. ಎರಡು ಸಲವೂ ಅವಳು ಮರುಮಾತಾಡದೆ ಇಡೀ ಕವರು ತಿಪ್ಪೆಗೆ ಹಾಕಿದಳು. ನನ್ನ ಮಾತಿಗೆ ಈ ಮನೆಯಲ್ಲಿ ಇನ್ನಾರೂ ಅಷ್ಟು ಬೆಲೆ ಕೊಟ್ಟದ್ದು ನನಗೆ ನೆನಪಿಲ್ಲ.

ಆದರೂ ನಾನು ಬಾಯಿಗೆ ಬೀಗ ಹಾಕಲಿಲ್ಲ. ಫ್ರೀಜರ್ ಅಡುಗೆಮನೆಯಲ್ಲಿ ಇರಕೂಡದು ಎಂದು ಹಟ ಹಿಡಿದೆ. ಮಗ ಬಡಗಿ. ಮರದ ಜೊತೆ ಮಾತಾಡುತ್ತಾನೆಯೇ ಹೊರತು ತಾಯಿಗೂ ಹೆಂಡತಿಗೂ ನಡುವೆ ತಲೆ ಹಾಕುವವನಲ್ಲ. ತೆಪ್ಪಗೆ ಅದನ್ನು ಎತ್ತಿ ಹಿಂದಿನ ಬಾಲ್ಕನಿಗೆ ಸಾಗಿಸಿ, ವಾಷಿಂಗ್ ಮೆಷಿನ್ನಿನ ಪಕ್ಕದಲ್ಲಿ ಇಟ್ಟ. ಅಲ್ಲಿ ಇರುವುದು ಒಂದೇ ಪ್ಲಗ್ ಪಾಯಿಂಟು. ಬಟ್ಟೆ ಒಗೆಯುವಾಗ ಫ್ರೀಜರಿನದನ್ನು ಕಿತ್ತು ಮೆಷಿನ್ನಿನದನ್ನು ಚುಚ್ಚಬೇಕು, ಆದಮೇಲೆ ವಾಪಸು ಚುಚ್ಚಬೇಕು. "ಅತ್ತೆ, ಮರೀಬೇಡಿ," ಎಂದಳು ಸೊಸೆ. "ಮೂವತ್ತೊಂದು ವರ್ಷ ಹನ್ನೆರಡು ಮೆಷಿನ್ ಓಡಿಸಿದವಳಿಗೆ ಪ್ಲಗ್ ಚುಚ್ಚೋದು ಕಲಿಸ್ತೀಯಾ?" ಎಂದೆ.

ಮೂರು ತಿಂಗಳು ಮುಗಿಯಲು ಹನ್ನೊಂದು ದಿನ ಬಾಕಿ ಇತ್ತು. ಆ ಭಾನುವಾರ ಅವಳು ಒಂದು ತಿಂಗಳಿಗಾಗುವಷ್ಟು ಒಟ್ಟಿಗೇ ತಯಾರು ಮಾಡಿದಳು. ಮಧ್ಯಾಹ್ನದವರೆಗೂ ಕೊಚ್ಚಿದಳು. ವಾಸನೆ ಪರದೆಗಳಿಗೆ ಹತ್ತಿತು, ದಿಂಬಿಗೆ ಹತ್ತಿತು, ನನ್ನ ಶಾಲಿಗೂ ಹತ್ತಿತು. ಸೋಮವಾರ ಬೆಳಿಗ್ಗೆ ನಾನು ದಿಂಬಿನ ಮೇಲೆ ಮುಖ ಇಟ್ಟವಳು ಥೂ ಎಂದು ಎದ್ದು ಕೂತೆ. ಅವರಿಬ್ಬರೂ ಕೆಲಸಕ್ಕೆ ಹೋಗುತ್ತಿದ್ದಂತೆ ಮನೆಯ ಪರದೆಗಳನ್ನೆಲ್ಲ ಇಳಿಸಿ, ಫ್ರೀಜರಿನ ಪ್ಲಗ್ಗು ಕಿತ್ತು, ಮೆಷಿನ್ ಹಾಕಿದೆ. ಒಂದು ಸಲ, ಎರಡು ಸಲ, ದಿಂಬಿನ ಚೀಲಗಳು ಮೂರನೆಯ ಸಲ. ಒಣಹಾಕಿದೆ, ಇಸ್ತ್ರಿ ಮಾಡಿದೆ, ಕೊಕ್ಕೆಗಳನ್ನು ಒಂದೊಂದಾಗಿ ಸಿಕ್ಕಿಸಿದೆ. ಮನೆಯಲ್ಲಿ ಮತ್ತೆ ಮನೆಯದೇ ವಾಸನೆ ಬಂದಾಗ ಎಷ್ಟು ಹಾಯೆನಿಸಿತೆಂದರೆ ಹಾಗೇ ಸೋಫಾದ ಮೇಲೆ ಒರಗಿ ಕಣ್ಣು ಮುಚ್ಚಿದೆ.

ಎಚ್ಚರವಾದಾಗ ನಾಲ್ಕೂವರೆ. ಬಾಲ್ಕನಿಗೆ ಹೋದೆ. ಫ್ರೀಜರಿನ ಪ್ಲಗ್ಗು ನೆಲದ ಮೇಲೇ ಬಿದ್ದಿತ್ತು.

ಮುಚ್ಚಳ ಎತ್ತಿದೆ. ಬೆಳಗಿನಿಂದ ಬಿಸಿಲು ಬೀಳುವ ಬಾಲ್ಕನಿ ಅದು. ಕವರುಗಳೆಲ್ಲ ಮೆತ್ತಗಾಗಿದ್ದವು, ಮುಟ್ಟಿದರೆ ಬೆಚ್ಚಗಿದ್ದವು. ಒಂದರ ಜಿಪ್ಪು ಬಾಯಿ ಬಿಟ್ಟು ಗುಲಾಬಿ ನೀರು ತಳದಲ್ಲಿ ನಿಂತಿತ್ತು. ಆ ಗಬ್ಬನ್ನು ಏನೆಂದು ಹೇಳಲಿ. ಸೆರಗಿನಿಂದ ಮೂಗು ಕಟ್ಟಿಕೊಂಡು, ತಳ ಒರೆಸಿ, ಕವರುಗಳನ್ನು ಮತ್ತೆ ತಟ್ಟಿ ಮಲಗಿಸಿ, ಪ್ಲಗ್ಗು ಚುಚ್ಚಿದೆ. ಸೊಸೆ ಬಂದಾಗ ಹೇಳಿದರಾಯಿತು ಎಂದುಕೊಂಡೆ. ಸೊಸೆ ಬಂದಳು. ಪರದೆ ನೋಡಿ, "ಒಬ್ಬರೇ ಇಷ್ಟೆಲ್ಲ ಮಾಡಿದ್ರಾ ಅತ್ತೆ? ಸುಸ್ತಾಗಿರಬೇಕು, ನಾನು ಕಾಲು ಒತ್ತುತೀನಿ," ಎಂದಳು. ಹೇಳಲಿಲ್ಲ.

ಬೆಳಗಾಗುವುದರೊಳಗೆ ಕವರುಗಳು ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಅವಳು ಒಂದು ಚೂರು ಮುರಿದಳು, ಕರಗಿಸಿದಳು, ಕಪ್ಪನ್ನು ತಂದಳು.

"ಅತ್ತೆ, ಒಂದ್ಸಲ ಮೂಸಿ ನೋಡಿ."

ಮೂಸಿದೆ. ಘಾಟು ನೆತ್ತಿಗೇರಿತು. ಇಲ್ಲಿ ನಾನು ಸುಳ್ಳು ಹೇಳುವುದಿಲ್ಲ. ಗೊತ್ತಾಗಲಿಲ್ಲ, ನೆಗಡಿಯಾಗಿತ್ತು, ನಿದ್ದೆಗಣ್ಣು ಎಂದೆಲ್ಲ ಹೇಳಿ ಜಾರಿಕೊಳ್ಳಬಹುದು. ಗೊತ್ತಾಯಿತು, ಚೆನ್ನಾಗಿಯೇ ಗೊತ್ತಾಯಿತು. ಆದರೆ ಬೇಡ ಎಂದರೆ ಯಾಕೆ ಎನ್ನುತ್ತಾಳೆ, ಮೊನ್ನೆ ಮಾಡಿದ್ದು ಇವತ್ತು ಹೇಗೆ ಕೆಟ್ಟಿತು ಎನ್ನುತ್ತಾಳೆ. ಪ್ಲಗ್ಗಿನ ಮಾತು ಬರುತ್ತದೆ. ಹನ್ನೆರಡು ಮೆಷಿನ್ನಿನ ಮಾತೂ ಬರುತ್ತದೆ. ಮೀನಿಗೇನು, ಸಮುದ್ರದಲ್ಲಿ ಕೊಳೆತದ್ದನ್ನೇ ತಿನ್ನುವುದಿಲ್ಲವೇ, ಅದಕ್ಕೆ ತಾಜಾ ಹಳಸಲು ಎಂದು ಯಾರು ಮೂಸಿ ಹೇಳುತ್ತಾರೆ ಎಂದು ಒಂದು ಕ್ಷಣದಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಸರಿ ಇದೆ," ಎಂದೆ.

ಮಂಗಳವಾರ ಏನೂ ಆಗಲಿಲ್ಲ. ನಾನೂ ನಿರಾಳವಾದೆ. ಬುಧವಾರ ಬೆಳಿಗ್ಗೆಯೂ ಮೂಸಿ ಸರಿ ಇದೆ ಎಂದೆ. ಮಧ್ಯಾಹ್ನ ಊಟಕ್ಕೆ ಬಂದ ಸೊಸೆ ತಟ್ಟೆ ಮುಟ್ಟಲಿಲ್ಲ. ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿದೆಯಂತೆ, ಹವಳಗಳು ಬಾಯಿ ಮುಚ್ಚಿಕೊಂಡಿವೆಯಂತೆ. "ಊಟ ಸರಿ ಇತ್ತು, ಅತ್ತೆ ಮೂಸಿದ್ದಾರೆ," ಎಂದು ಮಗನಿಗೆ ಹೇಳಿದಳು. "ಉಪ್ಪಿನ ಲೆಕ್ಕ ತಪ್ಪಿರಬೇಕು. ಇಲ್ಲಾಂದ್ರೆ ಪಂಪು." ಸಂಜೆ ಪಂಪು ಬಿಚ್ಚಿ ತೊಳೆದಳು. ನಾಲ್ಕು ಬಕೆಟ್ ನೀರು ಬದಲಿಸಿದಳು. ಉಪ್ಪು ಮೂರು ಸಲ ಅಳೆದಳು. ಅವಳು ಅನುಮಾನಿಸದೆ ಬಿಟ್ಟದ್ದು ಒಂದನ್ನೇ.

ಗುರುವಾರ ಬೆಳಿಗ್ಗೆ ಮತ್ತೆ ಕಪ್ಪು. ಮತ್ತೆ ನಾನು ಸರಿ ಇದೆ ಎಂದೆ. ಮೊದಲ ಸಲ ಹೇಳಿದ ಮೇಲೆ ಮುಂದಿನ ಸಲಗಳಲ್ಲಿ ನಾಲಿಗೆ ತಾನಾಗಿಯೇ ಹೊರಳುತ್ತದೆ. ಡಬ್ಬಿ ಎತ್ತಿಕೊಂಡವಳು ಬಾಗಿಲಲ್ಲಿ ನಿಂತಳು. "ಅತ್ತೆ, ನೀವೂ ಒಂದ್ಸಲ ಬರ್ತೀರಾ? ನೀರಿನಲ್ಲಿ ಏನಾದ್ರೂ ವಾಸನೆ ಇದೆಯಾ ನೋಡಿ ಹೇಳಿ. ನನಗಂತೂ ತಿಳಿಯಲ್ಲ." ಕಣ್ಣು ಕೆಂಪಾಗಿತ್ತು. ಹೋಗದೆ ಏನು ಮಾಡಲಿ. ಚಪ್ಪಲಿ ಮೆಟ್ಟಿಕೊಂಡೆ.

ಕ್ಲಿನಿಕ್ಕಿನ ಬಾಗಿಲು ತೆಗೆಯುತ್ತಿದ್ದ ಹಾಗೆಯೇ ನನಗೆ ಗೊತ್ತಾಯಿತು. ನನ್ನ ಬಾಲ್ಕನಿಯ ವಾಸನೆಯೇ ಅಲ್ಲಿ ನನಗಿಂತ ಮೊದಲು ಬಂದು ಕೂತಿತ್ತು. ಟ್ಯಾಂಕಿನ ನೀರಿನ ಮೇಲೆ ಜಿಡ್ಡಿನ ಪದರ. ಹವಳಗಳು ಒಂದೊಂದೂ ಮುದುಡಿ ಲೋಳೆ ಸುರಿಸುತ್ತಿದ್ದವು. ಮಕ್ಕಳು 'ನಿಂಬೆಹಣ್ಣು' ಎಂದು ಕರೆಯುವ ಹಳದಿ ಮೀನು ನೀರು ಎಳೆಯುವ ಕೊಳವೆಯ ಬಾಯಿಗೆ ಅಂಟಿಕೊಂಡು ಸತ್ತಿತ್ತು. ಅದರ ಕಣ್ಣಿನ ಸುತ್ತ ಬಿಳಿ ಬೂಷ್ಟು. ದವಡೆ ಊದಿದ ಒಂದು ಹೆಣ್ಣುಮಗು ಗಾಜಿಗೆ ಮೂಗು ಒತ್ತಿ ನಿಂತು, ತಾಯಿಗೆ, "ಅದು ಯಾಕೆ ಓಡಾಡ್ತಿಲ್ಲ?" ಎಂದು ಕೇಳುತ್ತಿತ್ತು. ಸೊಸೆ ಬಲೆಯಿಂದ ಆ ಮೀನನ್ನು ಎತ್ತಿ ಒದ್ದೆ ಬಟ್ಟೆಯಲ್ಲಿ ಸುತ್ತಿದಳು.

ಆಮೇಲೆ ಪಂಪಿನ ಸ್ವಿಚ್ಚು ಆರಿಸಿ, ಡಬ್ಬಿ ಬಿಚ್ಚಿ, ಉದ್ದ ನಳಿಕೆಯ ಸಿರಿಂಜಿಗೆ ಆ ರಾಡಿಯನ್ನು ಎಳೆದಳು.

"ಏನು ಮಾಡ್ತಿದೀಯ?" ಎಂದೆ.

"ಉಳಿದವಕ್ಕೆ ಶಕ್ತಿ ಇಲ್ಲ ಅತ್ತೆ, ಸುಸ್ತಾಗಿವೆ. ಸ್ವಲ್ಪ ಜಾಸ್ತಿ ಹಾಕ್ತೀನಿ. ಊಟ ಒಂದಾದ್ರೂ ಚೆನ್ನಾಗಿದೆಯಲ್ಲ."

ಮೂವತ್ತೊಂದು ವರ್ಷದಲ್ಲಿ ನಾನು ಮುಟ್ಟಿದ ಯಾವ ಹೊಲಸೂ ನನ್ನ ಮೈಗೆ ಅಂಟಿರಲಿಲ್ಲ. ತೊಳೆದರೆ ಹೋಗುತ್ತಿತ್ತು. ಆ ಮಾತು ಕೇಳಿದಾಗ ನನ್ನ ಬಗ್ಗೆ ನನಗೆ ಎಂಥ ಹೇಸಿಗೆಯಾಯಿತೆಂದರೆ ನನ್ನ ಬಾಯನ್ನೇ ಯಾವುದಾದರೂ ಬ್ಲೀಚಿನಲ್ಲಿ ನೆನೆಹಾಕಬೇಕು ಅನ್ನಿಸಿತು. ಅವಳ ಮಣಿಕಟ್ಟು ಹಿಡಿದೆ.

"ಹಾಕಬೇಡ. ಅದು ಕೆಟ್ಟಿದೆ."

"ಬೆಳಿಗ್ಗೆ ಮೂಸಿದ್ರಲ್ಲ?"

"ಬೆಳಿಗ್ಗೆನೂ ಕೆಟ್ಟಿತ್ತು. ನಿನ್ನೆ, ಮೊನ್ನೇನೂ ಕೆಟ್ಟಿತ್ತು. ಸೋಮವಾರ ಪ್ಲಗ್ ಕಿತ್ತವಳು ಮರೆತೆ. ಎಲ್ಲ ಕರಗಿ ಬೆಚ್ಚಗಾಗಿತ್ತು. ಗೊತ್ತಿದ್ದೂ ಹೇಳಲಿಲ್ಲ."

ಬೈಯಲಿ ಎಂದು ಕಾದೆ. ಬೈದಿದ್ದರೆ ಎರಡು ಮಾತು ನಾನೂ ಬೈದು ಹಗುರಾಗುತ್ತಿದ್ದೆ. ಅವಳು ಸಿರಿಂಜನ್ನು ಬೇಸಿನ್ನಿನಲ್ಲಿ ಖಾಲಿ ಮಾಡಿದಳು, ಡಬ್ಬಿ ತೊಳೆದಳು, ಪಂಪು ಹಾಕಿದಳು. ಅಷ್ಟರಲ್ಲಿ ಡಾಕ್ಟರಮ್ಮ ಒಳಗಿನಿಂದ ಕೈಗವಸು ಬಿಚ್ಚುತ್ತ ಬಂದರು. ಟ್ಯಾಂಕನ್ನು ನೋಡಿದರು, ಒದ್ದೆ ಬಟ್ಟೆಯನ್ನು ನೋಡಿದರು.

"ಏನಾಯ್ತು?"

ನಾನು ಬಾಯಿ ತೆರೆದೆ. ಅವಳು ನನಗಿಂತ ಮೊದಲು ಮಾತಾಡಿದಳು. "ಊಟ ಕೆಟ್ಟಿತ್ತು ಮೇಡಂ. ಫ್ರೀಜರ್ ಆಫ್ ಆಗಿತ್ತು, ನಾನು ನೋಡ್ಕೊಳ್ಳಲಿಲ್ಲ. ನನಗೆ ವಾಸನೆ ಗೊತ್ತಾಗಲ್ಲ. ಎರಡು ವರ್ಷದಿಂದ ಗೊತ್ತಾಗಲ್ಲ. ನಿಮಗೆ ಮೊದಲೇ ಹೇಳಬೇಕಿತ್ತು."

ನನ್ನ ಹೆಸರನ್ನು ಎತ್ತಲೇ ಇಲ್ಲ. ಇಷ್ಟು ದಿನ ಯಾವ ಮಾತನ್ನು ಮುಚ್ಚಿಟ್ಟಿದ್ದಳೋ ಅದನ್ನು, ದವಡೆ ಊದಿದ ಮಕ್ಕಳು, ಅವರ ತಾಯಂದಿರು, ಚೀಟಿ ಬರೆಯುವ ಹುಡುಗಿ, ಎಲ್ಲರ ಎದುರು ತಾನೇ ಹೇಳಿಕೊಂಡಳು. "ಪ್ಲಗ್ ಕಿತ್ತದ್ದು ನಾನು ಮೇಡಂ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಡಾಕ್ಟರಮ್ಮ ನನ್ನ ಕಡೆ ತಿರುಗಲೂ ಇಲ್ಲ. ನೀರಿನ ಮೇಲಿನ ಜಿಡ್ಡನ್ನು ನೋಡಿ, "ಮೂರು ತಿಂಗಳು ಇವತ್ತಿಂದ ಮತ್ತೆ ಶುರು," ಎಂದರು. "ಆದ್ರೆ ಊಟವನ್ನ ಯಾರಾದ್ರೂ ದಿನಾ ಮೂಸಿ ನೋಡಲೇಬೇಕು. ಮನೇಲಿ ನಂಬಿಕಸ್ಥರು ಯಾರಾದ್ರೂ ಇದ್ದಾರಾ?"

"ಇದ್ದಾರೆ ಮೇಡಂ," ಎಂದಳು ಸೊಸೆ.

ಆ ಒಂದು ಮಾತಿಗೆ ನಾನು ಅಲ್ಲೇ ಗೋಡೆ ಹಿಡಿದು ಕಣ್ಣು ಒರೆಸಿಕೊಂಡೆ.

ಆ ಭಾನುವಾರ ಹೊಸದಾಗಿ ಎಲ್ಲ ತಂದಳು. ಈ ಸಲ ನಾನೂ ಚಾಕು ಹಿಡಿದು ಪಕ್ಕದಲ್ಲಿ ಕೂತೆ. ಸಿಗಡಿಯ ಕರುಳು ಎಳೆದೆ, ಸ್ಕ್ವಿಡ್ಡಿನ ಸಿಪ್ಪೆ ಸುಲಿದೆ. ಅಸಹ್ಯವೇನೂ ಕಡಿಮೆಯಾಗಲಿಲ್ಲ, ನಾಲ್ಕು ಸಲ ಉಗುಳಲು ಎದ್ದು ಹೋದೆ. ಅವಳು ಬೇಡ ಎನ್ನಲಿಲ್ಲ, ಮಾಡಿ ಎನ್ನಲೂ ಇಲ್ಲ. ಅತ್ತೆ ಬೆಳ್ಳುಳ್ಳಿ ಕೊಡಿ, ಅತ್ತೆ ನೀರು ಬಿಡಿ ಎಂದು ಎಂದಿನಂತೆಯೇ ಮಾತಾಡುತ್ತಿದ್ದಳು. ಮಗ ಬಾಲ್ಕನಿಯಲ್ಲಿ ಇನ್ನೊಂದು ಪ್ಲಗ್ ಪಾಯಿಂಟು ಹಾಕಿಸಿದ. ಎಲ್ಲ ಸರಿಹೋಯಿತು ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಬೇಗ ಎದ್ದು, ಮುಖ ತೊಳೆದು, ಅಡುಗೆಮನೆಯಲ್ಲಿ ನಿಂತೆ. ಅವಳು ಚೂರು ಕರಗಿಸಿದಳು, ಸೋಸಿದಳು, ಕಪ್ಪು ಹಿಡಿದು ತಿರುಗಿದಳು. ನನ್ನನ್ನು ದಾಟಿ ನಡುಮನೆಗೆ ಹೋದಳು. ಅಲ್ಲಿ ಮಗ ಶೂ ಕಟ್ಟಿಕೊಳ್ಳುತ್ತಿದ್ದ. ಹದಿನೈದು ವರ್ಷದಿಂದ ಮರದ ಹೊಟ್ಟು ಕುಡಿದೂ ಕುಡಿದೂ ಅವನ ಮೂಗು ಮೂಗಾಗಿ ಉಳಿದಿಲ್ಲ. ಪಕ್ಕದಲ್ಲಿ ವಾರ್ನಿಷ್ ಡಬ್ಬಿ ಮಗುಚಿಕೊಂಡರೂ ಅವನಿಗೆ ತಿಳಿಯುವುದಿಲ್ಲ.

"ರೀ, ಒಂದ್ಸಲ ಮೂಸಿ ನೋಡಿ."

ಅವನು ಎರಡು ಸಲ ಸೊರ್ರೆಂದು ಎಳೆದ. "ಸರಿ ಇರೋ ಹಾಗಿದೆ," ಎಂದ.

ನಾನು ಬಾಗಿಲ ಬಳಿ ಇದ್ದೆ. ಅಲ್ಲಿಗೇ ನನಗೆ ಸ್ಪಷ್ಟವಾಗಿ ಬರುತ್ತಿತ್ತು, ತಾಜಾ ಸಿಗಡಿಯ ವಾಸನೆ, ಮೇಲೆ ಬೆಳ್ಳುಳ್ಳಿ, ಒಂದಿಷ್ಟೂ ಘಾಟಿಲ್ಲ. "ಹೌದು, ಚೆನ್ನಾಗಿದೆ ಕಣಮ್ಮ, ಧೈರ್ಯವಾಗಿ ಹಾಕು," ಎಂದೆ.

ಸೊಸೆ ನನ್ನ ಕಡೆ ನೋಡಿ ತಲೆಯಾಡಿಸಿದಳು. ಆಮೇಲೆ ಕಪ್ಪನ್ನು ಮತ್ತೆ ಗಂಡನ ಮೂಗಿನ ಹತ್ತಿರ ಹಿಡಿದು, "ನೀವು ಇನ್ನೊಂದ್ಸಲ ನೋಡಿ," ಎಂದಳು.